ಕೈ ಎತ್ತಿದವರು

ಬೆಳಿಗ್ಗೆ ಬೀಗ ರಿಪೇರಿಯವನು ಅಂಗಡಿ ತೆರೆಯಲು ಮುಂಬದಿಗೆ ಬಂದಾಗ ಬಾಗಿಲ ಮೇಲೆ ನಗರಸಭೆಯ ನೋಟೀಸು ಅಂಟಿತ್ತು. ಬೀದಿಯ ತಿರುವಿನಲ್ಲಿ ಒಂಟಿಯಾಗಿ ನಿಂತ ಅಂಗಡಿ. ಅಂಟಿಸುವವನಿಗೆ ಅದೇ ಮೊದಲು ಸಿಕ್ಕಿತ್ತು, ಅಷ್ಟೆ. ಮನೆಗಳ ಹಿಂದಿನ ಬಯಲಲ್ಲಿ ಊರ ಕಸ ಸುರಿಯುವ ಆಲೋಚನೆಯಿದೆ, ತಕರಾರಿದ್ದವರು ಇವತ್ತು ನಾಲ್ಕು ಗಂಟೆಯ ಸಭೆಗೆ ಬರಬಹುದು ಎಂದು ಅದರಲ್ಲಿ ಬರೆದಿತ್ತು.

ಓದಲು ಬಂದವರೆಲ್ಲ ಅವನನ್ನೇ ವಿವರ ಕೇಳಿದರು. ತನಗೇನೂ ಗೊತ್ತಿಲ್ಲ ಎಂದರೆ ಯಾರೂ ನಂಬಲಿಲ್ಲ. ನಿವೃತ್ತ ಮೇಷ್ಟ್ರಂತೂ ಆ ಬಯಲಲ್ಲಿ ಹನ್ನೊಂದು ಗಿಡ ನೆಟ್ಟು, ದಿನಾ ಕೊಡದಲ್ಲಿ ನೀರು ಹೊತ್ತು ಬೆಳೆಸಿದವರು.

"ನಿನ್ ಬಾಗಿಲಿಗೇ ಅಂಟಿಸಿದಾರೆ ಅಂದ್ಮೇಲೆ ನೀನೇ ಮುಂದೆ ನಿಲ್ಬೇಕು ಕಣಪ್ಪಾ," ಎಂದರು.

ಅವನು ಮನವಿ ಬರೆಯಲು ಕೂತ. ಮೇಷ್ಟ್ರು ಮೂರು ಸಲ ಕಾಗುಣಿತ ತಿದ್ದಿದರು. ಎದುರು ಮನೆಯ ಟೈಲರಕ್ಕ ಬೀದಿ ದೀಪದ ವಿಷಯವನ್ನೂ ಸೇರಿಸು ಎಂದಳು. ಹಿಟ್ಟಿನ ಗಿರಣಿಯವನಿಗೆ ನಾಯಿಗಳ ಕಾಟ ಮುಖ್ಯವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮನವಿಯಲ್ಲಿ ಎಲ್ಲವೂ ಇತ್ತು, ಬಯಲೊಂದು ಬಿಟ್ಟು.

ಬೀದಿಯವರೆಲ್ಲ ಅವನ ಬೆನ್ನ ಹಿಂದೆ ನಗರಸಭೆಗೆ ಹೊರಟರು. ಮನವಿ ಕೊಡಲು ಕೆಳಗಿನವರು ಮೇಲೆ ಕಳಿಸಿದರು, ಮೇಲಿನವರು ಕೆಳಗೆ. ನಾಲ್ಕನೇ ಸಲ ಮೆಟ್ಟಿಲು ಹತ್ತುವಾಗ ಅವನು ಬಾವಿಯ ಕೊಡದ ಹಾಗೆ ಆಗಿದ್ದ. ಕೊನೆಗೆ ಸಭೆಯೇ ಶುರುವಾಯಿತು. ಮನವಿ ಅವನ ಜೇಬಿನಲ್ಲೇ ಉಳಿಯಿತು.

ಅಧಿಕಾರಿ ತಲೆ ಎತ್ತದೆ ಓದಿದರು: "ಬಯಲಿನಲ್ಲಿ ಕಸ ಸುರಿಯಬಾರದೆಂಬ ಹಳೆಯ ನಿರ್ಣಯವನ್ನು ರದ್ದುಪಡಿಸುವುದಕ್ಕೆ ಆಕ್ಷೇಪಣೆ ಇಲ್ಲದವರನ್ನು ಬಿಟ್ಟು ಉಳಿದವರು ಕೈ ಎತ್ತಿ."

ಎಂಥೆಂಥ ಬೀಗ ತೆಗೆದವನಿಗೂ ಆ ವಾಕ್ಯದ ಕೀಲಿ ಸಿಗಲಿಲ್ಲ. ಕೈ ಎತ್ತಿದ. ಸಂಶಯ ಬಂದು ಇಳಿಸಿದ. ಬೀದಿಯವರೂ ಅವನನ್ನು ನೋಡಿ ಎತ್ತಿದರು, ಇಳಿಸಿದರು. ಮೇಷ್ಟ್ರು ಕಣ್ಣು ಮುಚ್ಚಿ ವಾಕ್ಯವನ್ನು ಬಿಡಿಸುತ್ತಿದ್ದರು.

"ಎತ್ತು, ಎತ್ತೋದೇ ಸರಿ," ಎಂದು ಅವನ ಮೊಣಕೈ ಹಿಡಿದು ತಾವೇ ಮೇಲಕ್ಕೆತ್ತಿದರು. ಎಲ್ಲರ ಕೈಯೂ ಮೇಲೆ ಹೋಯಿತು.

ಅಧಿಕಾರಿ ಎಣಿಸಿದರು. ಬಯಲು ಉಳಿಯಿತು ಎಂದು ಗುಮಾಸ್ತ ಬರೆದುಕೊಂಡ. ಗಿರಣಿಯವನು ಸಂತೋಷಕ್ಕೆ ಕಣ್ಣೊರೆಸಿಕೊಂಡ.

"ಹಾಗಾದ್ರೆ ಕಸ ಸುರಿಯೋ ಜಾಗಗಳ ಪಟ್ಟಿಯಲ್ಲಿ ಎರಡನೇದು, ತಿರುವಿನ ಮೂಲೆ," ಎಂದರು ಅಧಿಕಾರಿ. "ಒಪ್ಪಿಗೆ ಇರೋರು ಎತ್ತಿದ ಕೈ ಹಾಗೇ ಇಟ್ಕೊಳ್ಳಿ."

ಬೀಗದವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಸೂರು ನೋಡುತ್ತಿದ್ದರು. ಅವನ ಮೊಣಕೈ ಮಾತ್ರ ಬಿಟ್ಟಿರಲಿಲ್ಲ. ಸರ್ವಾನುಮತ ಎಂದು ಬರೆದು ಗುಮಾಸ್ತ ಪುಸ್ತಕ ಮುಚ್ಚಿದ.

ಮೆಟ್ಟಿಲಿಳಿಯುವಾಗ ಅವನು ಕೇಳಿದ: "ಮೇಷ್ಟ್ರೇ, ತಿರುವಿನ ಮೂಲೆ ಅಂದ್ರೆ ಯಾವ್ದು?"

"ನಿನ್ ಅಂಗಡಿ ಪಕ್ಕದ್ದೇ ಇರ್ಬೇಕಪ್ಪಾ," ಎಂದರು ಮೇಷ್ಟ್ರು ಮೆಲ್ಲಗೆ. "ಆದ್ರೂ ನೀನಿಲ್ದಿದ್ರೆ ನಮ್ ಬಯಲು ಉಳೀತಿರ್ಲಿಲ್ಲ ನೋಡು."

ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ಏನಾಯ್ತು ಎಂದು ಹೆಂಡತಿ ಕೇಳಿದಳು.

"ಗೆದ್ವಂತೆ ಕಣೇ," ಎಂದು ಹೇಳಿ, ಅವನು ಮೂಲೆ ಕಡೆಯ ಕಿಟಕಿ ಮುಚ್ಚಿದ.