ಆರು ಗಂಟೆಗೆ ಬಿಟ್ಟ ನೀರು

ದ್ಯಾಮಣ್ಣನನ್ನು ಯಾರೂ ಬಯ್ದಿರಲಿಲ್ಲ, ನೌಕರಿಯಿಂದಲೂ ತೆಗೆದಿರಲಿಲ್ಲ. ಮೂರು ತಿಂಗಳಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಅಷ್ಟೇ. ಅದೇ ಅವನ ಸಂಕಟ.

ಹುಬ್ಬಳ್ಳಿಯಲ್ಲಿ ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುತ್ತಿದ್ದ ಕಾಲ. ದೇಶಪಾಂಡೆ ನಗರದ ಹಿಂಬದಿಗೆ ಹದಿನೆಂಟು ಮನೆಗಳ ಒಂದು ಓಣಿ. ಅದಕ್ಕೆ ನೀರು ಬಿಡುವವನು ದ್ಯಾಮಣ್ಣ. ವಾಲ್ವು ತಿರುವುವ ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟು ಅವನು ಓಣಿಗೆ ಕಾಲಿಟ್ಟರೆ ಸಾಕು, ಹದಿನೆಂಟೂ ಬಾಗಿಲಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ದ್ಯಾಮಣ್ಣಾ, ನೀರು ಯಾವಾಗ ಬಿಡ್ತೀರಿ?" ಅವನೋ ಒಂದೇ ಮಾತಿಗೆ ಬಾಯಿ ಬಿಡುವ ಆಸಾಮಿಯಲ್ಲ. ಆಕಾಶ ನೋಡುವನು, ಮೀಸೆ ತೀಡುವನು, 'ನೋಡೋಣ್ರಿ' ಅನ್ನುವನು. ಆ 'ನೋಡೋಣ್ರಿ' ನಾಳೆಯದೋ ನಾಡಿದ್ದಿನದೋ ಎಂದು ಬಿಡಿಸಿಕೊಳ್ಳುವಷ್ಟರಲ್ಲಿ ಅವನಿಗೆ ಒಂದು ಕಪ್ ಚಹಾ, ಒಂದು ಬಶಿ ಗಿರಮಿಟ್ಟು, ಜೊತೆಗೆ ಮನೆಮಂದಿಯ ಸುಖದುಃಖವೆಲ್ಲ ಸಿಗುತ್ತಿತ್ತು. ಸ್ವಾಮಿಗಳು ಮುಹೂರ್ತ ಹೇಳಿಕೊಟ್ಟರೂ ದ್ಯಾಮಣ್ಣನನ್ನು ಕೇಳದೆ ಯಾರೂ ಲಗ್ನಪತ್ರಿಕೆ ಛಾಪಿಸುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನದ ಮಾತೆಲ್ಲ ಈ ಓಣಿಯಲ್ಲೇ ಆಡಿ ಮುಗಿಸಬೇಕು. ಖೋಲಿಗೆ ಹೋದರೆ ಗಡಿಯಾರ ಬಿಟ್ಟು ಸದ್ದು ಮಾಡುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಸರಕಾರಕ್ಕೆ ಪಾರದರ್ಶಕವಾಗಬೇಕೆಂಬ ಹುಕಿ ಬಂತು. ಅದು ಎರಡು ಸಾವಿರದ ಆರನೇ ಇಸವಿ. ನೀರಿನ ಆಫೀಸಿನವರು ವೆಬ್‌ಸೈಟ್ ಮಾಡಿದರು. ಯಾವ ಓಣಿಗೆ ಯಾವ ತಾರೀಖು, ಎಷ್ಟು ಗಂಟೆಗೆ ನೀರು ಎಂಬುದೆಲ್ಲ ಅದರಲ್ಲಿ ಬಂತು. ಕೆಳಗೊಂದು ಚೌಕ, 'ನಿಮ್ಮ ದೂರು, ಸಲಹೆ ಇಲ್ಲಿ ಬರೆಯಿರಿ' ಎಂದು. ಓಣಿಯ ಮೂಲೆಯಲ್ಲಿ ಝೆರಾಕ್ಸ್ ಮತ್ತು ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಗುಲಾಬಸಾಬ ತಿಂಗಳ ವೇಳಾಪಟ್ಟಿಯ ಪ್ರಿಂಟ್ ತೆಗೆದು ಶಟರ್ ಪಕ್ಕದ ಗೋಡೆಗೆ ಅಂಟಿಸಿದ. ಅಂದಿನಿಂದ ಓಣಿಯ ಮಂದಿ ದ್ಯಾಮಣ್ಣನ ಮಾರಿ ನೋಡುವುದು ಬಿಟ್ಟು ಗೋಡೆ ನೋಡತೊಡಗಿದರು. ಇವನೂ ಸೆಡವಿನಿಂದ ಮಾರಿ ತಿರುವಿಕೊಂಡು ಓಡಾಡಿದ. ಆ ಸೆಡವು ಯಾರ ಗಮನಕ್ಕೂ ಬರಲಿಲ್ಲವೆಂದು ಅವನಿಗೆ ಇನ್ನೊಂದು ಸೆಡವು.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದ. ಆದರೆ ಆ ಗುರುವಾರ ರತ್ನವ್ವನ ಮೊಮ್ಮಗನ ತೊಟ್ಟಿಲ ಕಾರ್ಯ ಬಂತು. ಇಡೀ ಓಣಿಯಲ್ಲಿ ಅವನಿಗೆ ಎಲ್ಲರಿಗಿಂತ ಹೆಚ್ಚು ಚಹಾ ಕೊಟ್ಟ ಮನೆ ಅದು. ಗೋಡೆಯ ಮೇಲಿನ ಪಟ್ಟಿಯಲ್ಲಿ 'ಬೆಳಿಗ್ಗೆ ಆರು' ಅಂತ ಓದಿಸಿಕೊಂಡೇ ಆಕೆ ಆ ದಿನ ಹಿಡಿದಿದ್ದಳು. ಓಣಿಗೆ ಓಣಿಯನ್ನೇ ಊಟಕ್ಕೆ ಕರೆದಿದ್ದಳು. ದ್ಯಾಮಣ್ಣನಿಗೆ ಮಾತ್ರ ಕರೆ ಬಂದಿರಲಿಲ್ಲ. ಹೋಳಿಗೆಯ ಆಸೆಯಲ್ಲ ಅವನಿಗೆ. ಕರೆಯಲಿಲ್ಲವಲ್ಲ ಎಂಬುದಕ್ಕೆ ಎರಡು ದಿನ ರೊಟ್ಟಿ ಮುಟ್ಟಿರಲಿಲ್ಲ.

ಗುರುವಾರ ಆರಕ್ಕೆ ಸರಿಯಾಗಿ ಬಂದು, ನೀರು ಬಿಡದೆ, ವಾಲ್ವಿನ ಗುಂಡಿಯ ಪಕ್ಕ ಚಾವಿ ಅಡ್ಡ ಇಟ್ಟುಕೊಂಡು ಕುಳಿತ. ಯಾರಾದರೂ ಒಬ್ಬರು ಬಂದು 'ಯಾಕ್ರಿ ದ್ಯಾಮಣ್ಣಾ, ನೀರಿಲ್ಲ?' ಅಂದರೆ ಆಯಿತು, ತಕ್ಷಣ ಬಿಟ್ಟುಬಿಡುವುದು. ಅದಕ್ಕಿಂತ ಹೆಚ್ಚಿನ ಕೆಟ್ಟ ಬುದ್ಧಿ ಅವನಲ್ಲಿರಲಿಲ್ಲ.

ಆರೂವರೆಯಾಯಿತು, ಏಳೂ ಆಯಿತು. ನಳಗಳ ಮುಂದೆ ಕೊಡ, ಬಕೀಟು, ಬ್ಯಾರಲ್ಲು ಸಾಲುಗಟ್ಟಿದವು. ಕಿರಾಣಿ ಅಂಗಡಿಯ ಗುರುಶಿದ್ದಪ್ಪ ನೆಟ್ಟಗೆ ಇವನ ಕಡೆಗೇ ಬಂದ. ಬಂತು ಗಳಿಗೆ ಎಂದು ದ್ಯಾಮಣ್ಣ ಮೀಸೆ ತೀಡಿ ಆಕಾಶ ನೋಡಿದ.

"ಸ್ವಲ್ಪ ಸರೀರಿ, ಕಂಪ್ಯೂಟರ್ ಕೇಳಾಕ ಹೊಂಟೇನಿ" ಎಂದು ಗುರುಶಿದ್ದಪ್ಪ ಚಾವಿ ದಾಟಿ ಮುಂದೆ ಹೋದ.

ಗುಲಾಬಸಾಬನನ್ನು ಎಬ್ಬಿಸಿ ಕರೆತಂದು ಶಟರ್ ಎತ್ತಿಸಿದರು. ಅವನು ನೋಡಿ ಸಾರಿದ, ಸೈಟಿನಲ್ಲಿ 'ಆರು ಗಂಟೆಗೆ ನೀರು ಬಿಡಲಾಗಿದೆ' ಅಂತ ಬಂದುಬಿಟ್ಟಿದೆ. ಬರದೆ ಏನು? ಆಫೀಸಿನವರು ತಿಂಗಳಿನದೆಲ್ಲವನ್ನೂ ಒಂದನೇ ತಾರೀಖಿಗೇ ತುಂಬಿ ಕೈತೊಳೆದುಕೊಳ್ಳುತ್ತಿದ್ದರು. ಓಣಿಯವರಿಗೆ ಅದೇನು ಗೊತ್ತು? ನೀರು ಬಿಟ್ಟಾಗಿದೆ, ನಳಕ್ಕೆ ಬಂದಿಲ್ಲ, ಅಂದಮೇಲೆ ದೋಷ ಪೈಪಿನದೇ ಎಂದು ತೀರ್ಮಾನವಾಯಿತು. ಒಬ್ಬರು ನಳಕ್ಕೆ ಬಾಯಿ ಹಚ್ಚಿ ಊದಿದರು. ಇನ್ನೊಬ್ಬರು ಸೈಕಲ್ ಪಂಪು ತಂದರು. ಗುರುಶಿದ್ದಪ್ಪನಂತೂ ಒಳಗೆ ಕಸ ಸಿಕ್ಕಿದೆಯೆಂದು ತನ್ನ ಪೈಪನ್ನೇ ಗರಗಸದಿಂದ ಕೊಯ್ದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಚಾವಿ ಹಿಡಿದು ಕೂತವನ ಕಡೆ ಒಬ್ಬರಾದರೂ ನೋಡಬೇಕಲ್ಲ, ನೋಡಲಿಲ್ಲ.

ಒಂಬತ್ತಕ್ಕೆ ವೆಬ್‌ಸೈಟಿಗೆ ದೂರು ಬರೆಯುವುದೆಂದು ಠರಾವಾಯಿತು. ಗುಲಾಬಸಾಬ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ, ಮಂದಿ ಸುತ್ತ ನಿಂತು ತಮ್ಮ ತಮ್ಮ ಹೆಸರು ಹೇಳಿದರು. ತಡೆಯಲಾರದೆ ದ್ಯಾಮಣ್ಣನೂ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತ.

"ನಿಮ್ಮ ಹೆಸರೂ ಹಾಕ್ಲೇನ್ರಿ? ಹೆಸರು ಜಾಸ್ತಿ ಇದ್ರ ತೂಕ ಬರ್ತೈತಿ" ಎಂದ ಗುಲಾಬಸಾಬ.

ಮೂರು ತಿಂಗಳಲ್ಲಿ ಓಣಿಯವರು ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಬೇಡ ಅನ್ನಲು ಬಾಯಿ ಬರಲಿಲ್ಲ, ಹಾಕ್ರಿ ಅಂದುಬಿಟ್ಟ. ಹೀಗೆ ದ್ಯಾಮಣ್ಣನ ಮೇಲಿನ ದೂರಿನಲ್ಲಿ ದ್ಯಾಮಣ್ಣನದು ಹತ್ತೊಂಬತ್ತನೆಯ ಹೆಸರಾಯಿತು.

ಹತ್ತಾದರೂ ನೀರಿನ ಸುಳಿವಿಲ್ಲ. ತಲೆಯ ಮೇಲೆ ಕೈಹೊತ್ತು ಕುಳಿತಿದ್ದ ರತ್ನವ್ವ ಕಡೆಗೆ ಎದ್ದು ನಿಂತಳು. ಸತ್ತೂರಿನಲ್ಲಿ ಅವಳ ತಮ್ಮನ ಮನೆಯಿತ್ತು, ಅಲ್ಲಿ ಬೋರಿನ ನೀರಿತ್ತು. ಕಾರ್ಯ ಅಲ್ಲೇ ಆಗಲಿ ಎಂದಳು. ಬಾಣಂತಿ, ಕೂಸು, ಅಡಿಗೆಯವರು, ಓಣಿಯ ಮುದುಕರು ಮೊದಲ ಟೆಂಪೋದಲ್ಲಿ ಹೋದರು. ಉಳಿದವರೆಲ್ಲ ಮನೆಗೆ ಕೀಲಿ ಹಾಕಿ ಎರಡನೆಯದನ್ನು ಹತ್ತತೊಡಗಿದರು. ಅದನ್ನು ಕಂಡು ದ್ಯಾಮಣ್ಣ ಚಾವಿ ಎತ್ತಿಕೊಂಡ. ತನ್ನ ಸಿಟ್ಟಿಗೆ ಕೂಸಿನ ತೊಟ್ಟಿಲೇ ಓಣಿ ಬಿಡುವಂತಾಯಿತಲ್ಲ ಎಂದು ಓಡಿಹೋಗಿ ವಾಲ್ವು ತಿರುವಿದ. ಏದುಸಿರು ಬಿಡುತ್ತ ಹೊಳ್ಳಿ ಬಂದು ಟೆಂಪೋದ ಮುಂದೆ ನಿಂತ.

"ತಪ್ಪಾತ್ರಿ ರತ್ನವ್ವಾರ. ಮುಂಜಾನಿಂದ ನಾನಽ ನೀರು ಬಿಟ್ಟಿದ್ದಿಲ್ಲ."

ಗುಲಾಬಸಾಬ ನಕ್ಕುಬಿಟ್ಟ. "ಸುಮ್ನಿರ್ರಿ ದ್ಯಾಮಣ್ಣಾ. ಆರಕ್ಕ ಬಿಟ್ಟೀರಿ, ಸೈಟಿನ್ಯಾಗ ಐತಿ."

ತಪ್ಪು ಒಪ್ಪಿಕೊಂಡರೂ ನಂಬುವವರಿಲ್ಲ. ಆದರೆ ರತ್ನವ್ವ ನಗಲಿಲ್ಲ. ನೀರಿನ ಮಾತು ಹಾಳಾಗಲಿ, ತಾನು ಅಷ್ಟು ಮನಸಾರೆ ಕರೆದರೆ ಅಂಥ ಉತ್ತರ ಕಳಿಸಿದ್ದೇಕೆ ಎಂದು ಅವನನ್ನೇ ಕೇಳಿದಳು. ದ್ಯಾಮಣ್ಣ ಕಕ್ಕಾಬಿಕ್ಕಿಯಾದ. ಯಾವಾಗ ಕರೆದಿರಿ ಎಂದ.

"ಹದಿನೈದು ದಿನಾತು. ನಿಮ್ಮ ಮಾತೆಲ್ಲ ಈಗ ಕಂಪ್ಯೂಟರಿನ್ಯಾಗ ಬರ್ತಾವ, ನಮ್ಮ ಮಾತೂ ಅದರಾಗಽ ನಿಮಗ ಮುಟ್ಟತಾವ ಅಂತ ತಿಳದೆ. ದಾರ್ಯಾಗ ಕಂಡ್ರ ಮಾರಿ ತಿರುವ್ತಿದ್ರಿ, ಮತ್ತೇನ್ ಮಾಡ್ಲಿ? ಗುಲಾಬಸಾಬನ ಕಡಿಂದ ಆ ಚೌಕದಾಗ ಬರಿಸಿದೆ. ಮೂರು ದಿನಕ್ಕ ಉತ್ತರ ಬಂತು, 'ನಿಮ್ಮ ದೂರನ್ನು ಪರಿಶೀಲಿಸಿ ಇತ್ಯರ್ಥಪಡಿಸಲಾಗಿದೆ' ಅಂತ. ಒಳ್ಳೆ ಮಾತಿಗೆ ಕರದ್ರ ದೂರು ಅಂದ್ರಲ್ಲ, ಅಂತ ಅತ್ತೇನಿ ನಾನು."

ಗುಲಾಬಸಾಬ ಹೌದೆಂದು ತಲೆಯಾಡಿಸಿದ. ದ್ಯಾಮಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಬಂದವು. ಅವನ ಮುಖ ನೋಡಿ ರತ್ನವ್ವ ಕರಗಿದಳು, ಈಗಾದರೂ ಹತ್ತಿರಿ ಎಂದು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಅವನು ಚಾವಿಯನ್ನು ಗೋಡೆಗೆ ಆನಿಸಿ ಒಂದು ಕಾಲು ಟೆಂಪೋದ ಮೇಲಿಟ್ಟ.

ಆಗಲೇ ಹದಿನೆಂಟೂ ನಳ ಬುಸ್ಸೆಂದು ಗಾಳಿ ಉಗುಳಿ ನೀರು ಸುರಿಸತೊಡಗಿದವು. ಗುರುಶಿದ್ದಪ್ಪ ಕೊಯ್ದ ಪೈಪು ಕಾರಂಜಿಯಾಯಿತು. ದೂರು ಬರೆದು ಎರಡು ತಾಸು ಆಗಿಲ್ಲ, ನೀರು ಬಂತು, ಸರಕಾರ ಅಂದರೆ ಹೀಗಿರಬೇಕು ಎಂದು ಮಂದಿ ಗುಲಾಬಸಾಬನ ಬೆನ್ನು ತಟ್ಟಿದರು. ಆಮೇಲೆ ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಇವತ್ತು ತುಂಬಿಕೊಳ್ಳದಿದ್ದರೆ ಇನ್ನು ಎಂಟು ದಿನ ನೀರಿಲ್ಲ. ತೊಟ್ಟಿಲಿನ ಮುಹೂರ್ತವೋ ಹನ್ನೆರಡಕ್ಕೆ. ಯಾರಾದರೂ ಒಬ್ಬರು ಉಳಿಯಲೇಬೇಕು. ನೀನಿರು, ನೀನಿರು ಎಂದು ಸ್ವಲ್ಪ ಹೊತ್ತು ನಡೆಯಿತು. ಕಡೆಗೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ನೀರಿನ ವಿಷಯ ನಿಮಗ ತಿಳಿದಷ್ಟು ಯಾರಿಗೆ ತಿಳಿತೈತ್ರಿ, ದ್ಯಾಮಣ್ಣಾ?" ಎಂದು ಗುರುಶಿದ್ದಪ್ಪ ತನ್ನ ಮನೆಯ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟ.

ಹಿಂದೆಯೇ ಉಳಿದ ಕೀಲಿಕೈಗಳೂ ಬಂದವು. ಎಲ್ಲರೂ ಅವನೊಡನೆ ಒಟ್ಟಿಗೇ ಮಾತಾಡಿದರು. ನಮ್ಮಲ್ಲಿ ಮೊದಲು ಹಂಡೆ ತುಂಬಿ, ನಮ್ಮ ಬ್ಯಾರಲ್ಲಿಗೆ ಅರಿವೆ ಕಟ್ಟಿ ಸೋಸಿ, ಆ ಪೈಪನ್ನು ಒತ್ತಿ ಹಿಡಿಯಿರಿ. ಮೂರು ತಿಂಗಳ ಮಾತನ್ನೆಲ್ಲ ಮೂರು ನಿಮಿಷದಲ್ಲಿ ಆಡಿ ಮುಗಿಸಿದರು. ಎಲ್ಲರಾದ ಮೇಲೆ ರತ್ನವ್ವನೂ ತನ್ನ ಕೀಲಿಕೈ ಕೊಟ್ಟಳು, ತಪ್ಪು ತಿಳಿಯಬೇಡಿ ಎಂದಳು. ಟೆಂಪೋ ಹೊರಟು ಮೂಲೆ ತಿರುಗಿತು.

ಹದಿನೆಂಟು ಕೀಲಿಕೈಗಳನ್ನು ಎರಡೂ ಕಿಸೆಗೆ ತುಂಬಿಕೊಂಡು ದ್ಯಾಮಣ್ಣ ಮೊದಲ ಮನೆಯ ಬಾಗಿಲು ತೆಗೆದ. ರೂಢಿಯಂತೆ ಹೊಸ್ತಿಲಲ್ಲೇ ನಿಂತು, "ನೀರು ಬಂದಾವ್ರಿ" ಎಂದು ಕೂಗಿದ. ಸ್ವಲ್ಪ ಹೊತ್ತು ಕಾದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಕೀಟು ಹಿಡಿದ.