ಕಾಲುವೆ ಕಚೇರಿ ಸರ್ವರಿನ ನೂರಾಹತ್ತು ಮಕ್ಕಳು

ಶಹಾಪುರದ ಕಾಲುವೆ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಹೊಲಕ್ಕೆ ಯಾವ ದಿನ ನೀರು ಅನ್ನುವ ಪಾಳಿ ಪಟ್ಟಿ ಅದರಲ್ಲಿರುತ್ತದೆ. ತಿದ್ದಿದಾಗಲೆಲ್ಲ ಹಳೆಯ ಪ್ರತಿಯೂ ಉಳಿಯಲಿ ಎಂದು ನಾನೇ ಒಂದು ಪ್ರೋಗ್ರಾಂ ಬರೆದೆ. ಯಾರಾದರೂ ಹಳೆಯ ಪ್ರತಿ ಕೇಳಿದಾಗಲೆಲ್ಲ ಅದು ಗಿಟ್ ಎಂಬ ಇನ್ನೊಂದು ಪ್ರೋಗ್ರಾಮನ್ನು ಎಬ್ಬಿಸಿ, ಕೆಲಸ ಹೇಳಿ, ಮುಗಿದ ಮೇಲೆ ಕಳಿಸಿಕೊಡಬೇಕು. ಎಬ್ಬಿಸಿದ್ದು ತಂದೆ, ಎದ್ದವು ಮಕ್ಕಳು. ನಮ್ಮ ಕಸುಬಿನಲ್ಲಿ ಹಾಗೇ ಕರೆಯುತ್ತಾರೆ. ಮಕ್ಕಳು ಅಂದ ಮೇಲೆ ಫಜೀತಿ ತಪ್ಪುತ್ತದೆಯೆ? ನನಗಂತೂ ವಾರಕ್ಕೊಂದು ಇದ್ದದ್ದೇ.

೧. ಓದದ ತಕರಾರು

ಮೊದಲ ವಾರವೇ ಮಕ್ಕಳು ಅರ್ಧ ಕೆಲಸ ಮಾಡಿ ಸುಮ್ಮನೆ ಕೂತುಬಿಡತೊಡಗಿದವು. ಮುಗಿಸುವುದೂ ಇಲ್ಲ, ಹೋಗುವುದೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಪಟ್ಟಿ ಒಯ್ಯಲು ಬಂದಿದ್ದ, ಕಾಲುವೆ ಗೇಟು ಕಾಯುವ ಹಿರಿಯರು ನನ್ನ ಮುಖ ನೋಡಿ, "ಏನಾಗ್ಯಾದ್ರಿ ಮೇಡಂ?" ಅಂದರು.

ಬೇಸರಕ್ಕೆ ಹೇಳಿಕೊಂಡೆ. "ನಾ ಎಬ್ಬಿಸಿದ ಪ್ರೋಗ್ರಾಂ ಎರಡು ದಾರಿಯೊಳಗ ಮಾತು ಕಳಸ್ತದರಿ. ಒಂದರಾಗ ಉತ್ತರ, ಒಂದರಾಗ ತಕರಾರು. ನಾ ಉತ್ತರ ಅಷ್ಟೇ ಓದ್ತೀನಿ."

"ತಕರಾರು ಯಾರು ಓದ್ತಾರ್ರಿ?"

"ಯಾರೂ ಇಲ್ಲ."

"ಮತ್ತ ಆ ದಾರಿ ತುಂಬ್ಯಾದ ನೋಡ್ರಿ. ಕಾಲುವಿ ತುದಿಗೆ ಒಡ್ಡು ಹಾಕಿದ್ರ ನೀರು ಹಿಂದೇ ನಿಂದರ್ತದ."

ತಕರಾರನ್ನೂ ಓದುವಂತೆ ಎರಡು ಸಾಲು ಸೇರಿಸಿದೆ. ಎಲ್ಲ ಸರಾಗ ಹರಿಯಿತು. ಖುಷಿಯಿಂದ ಹೋಗಿ ಸಾಹೇಬರಿಗೆ ಹೇಳಿದೆ, "ತಕರಾರು ಓದದೇ ಇದ್ರ ಕೆಲಸ ನಿಂತುಬಿಡ್ತದ ಸರ್."

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಂಗಾದ್ರ ನಮ್ಮ ಕಚೇರಿ ಇಷ್ಟು ವರ್ಷ ಹ್ಯಾಂಗ ನಡದದಮ್ಮ?"

೨. ದತ್ತು ತಗೊಂಡ ಪುಣ್ಯಾತ್ಮ

ಒಂದು ರಜೆಯ ದಿನ ಗೋಗಿಗೆ ಹೋಗುವ ಆಟೊದಲ್ಲಿ ಕೂತಿದ್ದೆ. ಕಚೇರಿಯಿಂದ ಫೋನು. ಪ್ರೋಗ್ರಾಂ ನಿಂತುಹೋಗಿದೆ, ಅದು ಎಬ್ಬಿಸಿದವು ಮಾತ್ರ ಇನ್ನೂ ಓಡಾಡುತ್ತಿವೆ. ಆಟೊದ ಸದ್ದಿಗೆ ನಾನು ಕೂಗಿ ಮಾತಾಡಬೇಕಾಯಿತು.

"ತಂದಿ ಸತ್ತಾನ, ಖರೆ. ಮಕ್ಕಳು ಎಷ್ಟು ಉಳದಾವ? ನೂರಾಹತ್ತಾ? ಅನಾಥ ಆದ್ರೂ ಚಿಂತಿಲ್ಲ ಬಿಡು. ಒಂದನೇ ನಂಬರಿನಾಂವ ಎಲ್ಲಾ ದತ್ತು ತಗೊಂತಾನ."

ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಮಿಗೆ ಒಂದನೇ ನಂಬರು; ತಂದೆಯಿಲ್ಲದ ಮಕ್ಕಳು ಅದರ ಪಾಲಿಗೆ ಬರುತ್ತವೆ. ಪಕ್ಕದಲ್ಲಿ ಆಡಿನ ಮರಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಜ್ಜಿಗೆ ಇದು ಗೊತ್ತಿಲ್ಲ. ಫೋನು ಇಟ್ಟ ಮೇಲೆ ಮೆಲ್ಲಗೆ ಕೇಳಿದಳು.

"ಯವ್ವಾ, ಸತ್ತಾತಗ ಹೆಂಡ್ರು ಎಷ್ಟು ಮಂದಿ?"

"ಅಮ್ಮಾ, ಅದು ಕಂಪ್ಯೂಟರ್ ಮಾತು."

"ಇರ್ಲಿ ಬಿಡು, ಅವರ ಮನಿ ಮಾತು ನಮಗ್ಯಾಕ. ದತ್ತು ತಗೊಂಡಾತ ದೊಡ್ಡ ಪುಣ್ಯಾತ್ಮ." ಮರಿಯ ಬೆನ್ನು ಸವರುತ್ತ ಸ್ವಲ್ಪ ಯೋಚಿಸಿದಳು. "ನನ್ನ ಮಗ ಒಬ್ಬ ಅದಾನ. ನಲವತ್ತು ವರ್ಷ, ಮನ್ಯಾಗೇ ಕುಂತಾನ. ಅವನ್ನೂ ತಗೊಂತಾನೇನು ಕೇಳವ್ವ."

೩. ಸುರಪುರದ ಲಾಕು

ಪಟ್ಟಿ ಉಳಿಸುವ ಹೊತ್ತಿಗೆ ಪ್ರೋಗ್ರಾಂ 'ಲಾಕ್' ಎಂಬ ಸಣ್ಣ ಫೈಲು ಇಟ್ಟು, ಮುಗಿದ ಮೇಲೆ ತೆಗೆಯುತ್ತದೆ. ಕೆಲಸದ ನಡುವೆ ಸತ್ತರೆ ಲಾಕು ಅಲ್ಲೇ ಉಳಿಯುತ್ತದೆ, ಪಟ್ಟಿ ತಿದ್ದಲು ಬರುವುದಿಲ್ಲ. ನನ್ನ ಪ್ರೋಗ್ರಾಮನ್ನೇ ಹಾಕಿಕೊಂಡಿದ್ದ ಸುರಪುರದ ಕಚೇರಿಯಲ್ಲಿ ಹಾಗಾದ ದಿನ ಪಾಳಿ ಪಟ್ಟಿಗೆ ರೈತರು ಕಾಯುತ್ತಿದ್ದರು. ಅಲ್ಲಿಯ ಹೆಡ್ ಕ್ಲಾರ್ಕರಿಗೆ ಫೋನಿನಲ್ಲಿ ಹೇಳಿದೆ, "ಒಳಗ ಒಂದು ಲಾಕ್ ಉಳದದರಿ. ಅದನ್ನ ತಗದುಬಿಡ್ರಿ."

ಅರ್ಧ ತಾಸಾದರೂ ಸುದ್ದಿಯಿಲ್ಲ. ಕಾದು ಕಾದು, ನಾನೇ ಶಹಾಪುರದಿಂದ ಆ ಫೈಲು ಅಳಿಸಿದೆ. ಆಗ ಅವರ ಫೋನು ಬಂತು.

"ಆತ್ರಿ ಮೇಡಂ, ಸುರು ಆತು. ಎರಡು ಬೀರುವಿನ ಲಾಕ್ ಒಡದ್ರೂ ಆಗಿದ್ದಿಲ್ಲ. ಮೂರನೇದು ಒಡದ ಕೂಡಲೇ ಆತು ನೋಡ್ರಿ."

೪. ಸತ್ತವರ ಹೆಸರು

ಕೆಲಸ ಮುಗಿಸಿ ಸತ್ತ ಮಗುವನ್ನು ತಂದೆ ಒಮ್ಮೆ ವಿಚಾರಿಸಬೇಕು. ವಿಚಾರಿಸದಿದ್ದರೆ ಅದರ ಹೆಸರು ಸರ್ವರಿನ ಪ್ರೋಗ್ರಾಂಗಳ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ನನ್ನ ಪ್ರೋಗ್ರಾಂ ವಿಚಾರಿಸುತ್ತಿರಲಿಲ್ಲ. ಒಂದು ಸಂಜೆ ವರಾಂಡದಲ್ಲಿ ನಿಂತು ಸಾಹೇಬರಿಗೆ ಹೇಳಿದೆ, "ಸತ್ತವರ ಹೆಸರು ಪಟ್ಟಿಯೊಳಗ ಭಾಳ ಉಳದಾವ ಸರ್. ನಾಳಿ ಎಲ್ಲಾ ತಗದುಬಿಡ್ತೀನಿ."

ಅಲ್ಲೇ ಬೀಡಿ ಹಚ್ಚುತ್ತಿದ್ದ ರೈತರೊಬ್ಬರ ಕಿವಿಗೆ ಇದು ಬಿತ್ತು.

ಮರುದಿನ ಬೆಳಿಗ್ಗೆ ವರಾಂಡದ ತುಂಬ ಮುದುಕರು. ರುಮಾಲು, ಕೋಲು, ಎದೆಯ ಜೇಬಿನಲ್ಲಿ ಆಧಾರ್ ಕಾರ್ಡು. ಮುಂದೆ ಕೂತವರು ಹೇಳಿದರು, "ನಾವು ಜೀವಂತ ಇದ್ದೀವ್ರಿ ಮೇಡಂ. ಬರಕೋರಿ. ನೀರಿನ ಪಾಳಿ ತಪ್ಪಿಸಬ್ಯಾಡ್ರಿ."

ಅದು ಬೇರೆ ಪಟ್ಟಿ ಎಂದು ಎಷ್ಟು ಹೇಳಿದರೂ ಯಾರೂ ಏಳಲಿಲ್ಲ. ಪಾಳಿ ಹೋದರೆ ಬೆಳೆ ಹೋಯಿತು; ಅವರ ಹೆದರಿಕೆ ಸುಳ್ಳಲ್ಲ. ಕೊನೆಗೆ ಸಾಹೇಬರು ಎಲ್ಲರಿಗೂ ಚಹಾ ತರಿಸಿ, "ಬರಕೊಂಡುಬಿಡಮ್ಮ, ಸಮಾಧಾನ ಆಗ್ತದ" ಅಂದರು. ಒಬ್ಬೊಬ್ಬರ ಹೆಸರು ಕೇಳಿ ಪಾಳಿ ಪಟ್ಟಿಯಲ್ಲಿ ಗುರುತು ಹಾಕುತ್ತ ಬಂದೆ. ಅವರು ಒಬ್ಬೊಬ್ಬರಾಗಿ ನಗುತ್ತ ಎದ್ದು ಹೋದರು.

ಉಳಿದವರು ಒಬ್ಬರೇ. ಹೆಸರು ಹೇಳಿದರು. ಪಟ್ಟಿಯಲ್ಲಿ ನೋಡಿದೆ.

"ವಯಸ್ಸು ಎಂಬತ್ತೆರಡು ಅಂತ ಅದರಿ. ನೀವು ಅಷ್ಟು ಕಾಣಂಗಿಲ್ಲ."

"ಆ ಹೆಸರು ನಮ್ಮ ಅಣ್ಣಂದ್ರಿ."

"ಅಣ್ಣಾರು ಯಾಕ ಬರಲಿಲ್ಲ?"

"ಹ್ಯಾಂಗ ಬರ್ತಾನ್ರಿ, ಹೋದ ವರ್ಷ ತೀರಿಕೊಂಡಾನ," ಅಂದರು ಆ ಹಿರಿಯರು, ಬಲು ಸಮಾಧಾನದಿಂದ. "ಅದಕ್ಕೇ, ಅವ ಜೀವಂತ ಅದಾನ ಅಂತ ಹೇಳಾಕ ನಾ ಬಂದೀನಿ."