ಆರು ಕಪ್ ಅನಾನಸ್

ನನಗೆ ಕೋಪ ಬರುವುದು ಕಡಿಮೆ. ಬಂದರೆ ಕಾರಣವಿಲ್ಲದೆ ಬರುವುದಿಲ್ಲ. ನಮ್ಮ ಮನೆಯವರು ಇದರಲ್ಲಿ ಮೊದಲ ಮಾತನ್ನೇ ಒಪ್ಪುವುದಿಲ್ಲ, ಅದು ಬೇರೆ ವಿಷಯ. ಆದರೆ ಹಣ್ಣನ್ನು ಕಪ್ಪಿನಲ್ಲಿ ಅಳೆಯಿರಿ ಎನ್ನುವವರ ಮೇಲೆ ನನಗಿರುವ ಸಿಟ್ಟು ನ್ಯಾಯವಾದದ್ದು. ಅಕ್ಕಿಯನ್ನು ಅಳೆಯಲಿ, ಹಾಲನ್ನು ಅಳೆಯಲಿ. ಮೈತುಂಬ ಮುಳ್ಳು, ತಲೆಯ ಮೇಲೆ ಜುಟ್ಟು ಇರುವ ಅನಾನಸನ್ನು ಯಾವ ಕಪ್ಪಿನೊಳಗೆ ಕೂರಿಸುವುದು?

ನಾನು ಭಾರತೀನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಅಟೆಂಡರ್ ಚಿಕ್ಕತಾಯಮ್ಮ ನಿವೃತ್ತರಾಗುವವರಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ತರಗತಿಯ ಗಲಾಟೆಗೆ ಹೆದರಿ ನಾನು ಪ್ರಯೋಗಾಲಯದಲ್ಲಿ ಅಳುತ್ತ ಕೂತಿದ್ದಾಗ, ಟೀ ತಂದುಕೊಟ್ಟು ಬಾಗಿಲಲ್ಲಿ ಕಾವಲು ನಿಂತವರು ಅವರು. ಬೀಳ್ಕೊಡುಗೆಗೆ ಹೋಟೆಲಿನಿಂದ ಸಿಹಿ ತರಿಸೋಣ ಎಂದವರನ್ನು ತಡೆದು, "ಅನಾನಸ್ ಕೇಸರಿಬಾತ್ ನಾನೇ ಮಾಡಿ ತರುತ್ತೇನೆ" ಎಂದುಬಿಟ್ಟೆ. ಅದುವರೆಗೆ ನಾನು ಅದನ್ನು ತಿಂದಿದ್ದೆ, ಅಷ್ಟೆ.

ಮೊಬೈಲಿನಲ್ಲಿ ಸಿಕ್ಕ ವಿಧಾನ ಹೀಗಿತ್ತು: ಒಂದು ಕೆಜಿ ರವೆಗೆ ಆರು ಕಪ್ ಹೆಚ್ಚಿದ ಅನಾನಸ್. ರವೆಗೆ ತೂಕ, ಹಣ್ಣಿಗೆ ಕಪ್! ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಮಂಡ್ಯದ ಪೇಟೆಯಲ್ಲಿ ಹಣ್ಣಿನ ಬಾಷಾ ಸಾಬರನ್ನು, ಆರು ಕಪ್ಪಿಗೆ ಎಷ್ಟು ಹಣ್ಣು ಬೇಕು ಎಂದು ಕೇಳಿದೆ.

"ಕಪ್ಪಾ? ಟೀ ಅಂಗ್ಡಿ ಆ ಕಡೆ ಐತೆ ಮೇಡಂ."

ಸಿಪ್ಪೆ, ಜುಟ್ಟು, ನಡುವಿನ ದಿಂಡು ಕಳೆದರೆ ಎಷ್ಟು ಉಳಿಯುತ್ತದೆ ಎಂದೆ.

"ನಾನ್ ಮಾರೋನು, ಕುಯ್ಯೋನಲ್ಲ ಕಣಮ್ಮ. ಕಮ್ಮಿಯಾದ್ರೆ ನನ್ನೇ ಬಯ್ತೀರ. ಐದು ತಗೊಂಡೋಗ್ಬುಡಿ."

ಅದೇ ಊರಿನ ಗುತ್ತಲು ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದು ಮೂರು ಹಣ್ಣು ಹೆಚ್ಚಿದೆ. ದಪ್ಪ ಹೋಳುಗಳು ಆರು ಕಪ್ ತುಂಬಿದವು. ಅವನ್ನೇ ಸಣ್ಣಗೆ ಹೆಚ್ಚಿದರೆ ಐದಕ್ಕಿಳಿದವು. ಒಂದು ಕಪ್ ಹಣ್ಣು ಕಣ್ಣೆದುರೇ ಮಾಯ! ಅಂದರೆ ಹೋಳುಗಳ ನಡುವೆ ಇದ್ದದ್ದು ಬರೀ ಗಾಳಿ. ಗಾಳಿಯನ್ನು ಹಣ್ಣೆಂದು ನಂಬಿಸುವ ಮೋಸಕ್ಕೆ ನಾನು ಒಪ್ಪುವವಳಲ್ಲ. ತುಂಬಿದ ನೀರಿನ ಪಾತ್ರೆಯೊಳಗೆ ಹೋಳುಗಳನ್ನು ಅದುಮಿ, ಹೊರಚೆಲ್ಲಿದ ನೀರನ್ನು ಅಳೆದು, ನಿಜವಾದ ಆರು ಕಪ್ ಆಗುವತನಕ ಹಣ್ಣು ಸೇರಿಸುತ್ತ ಹೋದೆ. ಐದೂ ಮುಗಿದವು. ಅಡುಗೆಮನೆಯ ನೆಲವೆಲ್ಲ ನೀರು. ಅತ್ತೆ ಬಂದು ನೋಡಿ, "ಇದೇನಮ್ಮ, ಅಣ್ಣಿಗೆ ಸ್ನಾನ ಮಾಡುಸ್ತಿದ್ದೀಯಾ? ಎರಡಣ್ಣು ಆಕಿ ತಿರುವ್ಬುಡು, ಸಾಕು ಕಣಮ್ಮ," ಎಂದರು. ವಿಜ್ಞಾನದಲ್ಲಿ ಹೀಗೆಲ್ಲ ಆಗುವುದಿಲ್ಲ ಅತ್ತೆ ಎಂದೆ.

ಅಷ್ಟೊಂದು ಹಣ್ಣು, ಜೊತೆಗೆ ಅದಕ್ಕಂಟಿದ ನೀರು. ಕೇಸರಿಬಾತ್ ಗಟ್ಟಿಯಾಗಲೇ ಇಲ್ಲ. ಸಕ್ಕರೆ ಸುರಿದೆ, ತುಪ್ಪ ಸುರಿದೆ, ಹುಳಿ ಜಗ್ಗಲಿಲ್ಲ. ಬೇರೆ ಮಾಡಲು ಹೊತ್ತಿರಲಿಲ್ಲ. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು, ಇಳಿಯುವವರೆಗೂ ಆ ವಿಧಾನ ಬರೆದ ಮಹಾನುಭಾವರನ್ನು ಮನಸ್ಸಿನಲ್ಲೇ ಬೈದೆ.

ಚಿಕ್ಕತಾಯಮ್ಮನವರಿಗೆ ಮೊದಲು ಬಡಿಸಿದೆ. ಒಂದು ಚಮಚ ಬಾಯಿಗಿಟ್ಟು ಕಣ್ಣು ಕಿರಿದು ಮಾಡಿ, "ಗೊಜ್ಜು ಪಸಂದಾಗೈತೆ ಮೇಡಮ್ಮೋರೆ, ಅನ್ನ ಎಲ್ಲಿ?" ಎಂದರು. ಎಲ್ಲರೂ ನಕ್ಕರು. ನನ್ನ ಮುಖ ನೋಡಿ ಅವರಿಗೆ ವಿಷಯ ತಿಳಿದಿರಬೇಕು. ತಟ್ಟೆ ಚಾಚಿ, "ಇನ್ನೊಂದ್ವಸಿ ಆಕಿ. ಉಳುದ್ರೆ ಮನೆಗೂ ತಗೊಂಡೋಯ್ತೀನಿ," ಎಂದು ಎರಡನೆಯ ಸಲವೂ ಪೂರ್ತಿ ತಿಂದರು. ಆಮೇಲೆ ಕೈ ತೊಳೆಯುತ್ತ, "ಅಳ್ತೆ ಯೆಂಗೆ ಮೇಡಮ್ಮೋರೆ?" ಎಂದು ಕೇಳಿದರು.

ಪ್ರತಿ ವರ್ಷ ಮೊದಲ ಪಾಠವಾಗಿ ಅಳತೆ ಮತ್ತು ಏಕಮಾನಗಳನ್ನು ಬೋಧಿಸುವ ನಾನು, ಸ್ವಲ್ಪವೂ ನಾಚದೆ, "ಅಳತೆ ಎಲ್ಲಿ ಬಂತು ಚಿಕ್ಕತಾಯಮ್ಮ, ಎಲ್ಲ ಕಣ್ಣಂದಾಜು" ಎಂದೆ.